ಬೆನ್ನಿಗೊಂದು ಲೆಕ್ಕ, ಹೊಟ್ಟೆಗೊಂದು ಲೆಕ್ಕ: ಸ್ಪೋರ್ಟ್ಸ್ ಕಾರು ಯಾಕೆ ಕುಲುಕುತ್ತದೆ, ಯಾಕೆ ಗುಂಯ್ ಅನ್ನುತ್ತದೆ

ಕಳೆದ ದೀಪಾವಳಿಗೆ ಅಕ್ಕನ ಮಗ ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ತಂದ. ಎರಡೇ ಬಾಗಿಲು, ಎತ್ತರ ನನ್ನ ಎದೆಗೂ ಬಾರದು. ಕಂಪನಿ ಹೆಸರು ಇಲ್ಲಿ ಬೇಡ. ಶಿವಮೊಗ್ಗದ ನಮ್ಮ ಬೀದಿಯ ಮಕ್ಕಳೆಲ್ಲ ಅದರ ಸುತ್ತ ಸೇರಿದರು. ಭಾವ ಮಾತ್ರ ಅನುಮಾನದಿಂದಲೇ ಹತ್ತಿದರು. ಹತ್ತಿದರು ಅನ್ನುವುದೂ ತಪ್ಪು, ಆ ಕಾರಿನ ಸೀಟಿಗೆ ಇಳಿಯಬೇಕು. ತೀರ್ಥಹಳ್ಳಿಗೆ ಅಂತ ಹೊರಟವರು ಮಂಡಗದ್ದೆ ದಾಟುವ ಮೊದಲೇ "ನಿಲ್ಸು ಮಾರಾಯ, ನನ್ನ ಸೊಂಟ ಎಲ್ಲಾದ್ರೂ ಬಿದ್ದಿದ್ಯಾ ನೋಡು" ಅಂದರಂತೆ. "ಕಾರು ಸರಿಯಾಗೇ ಇದೆ ಅಪ್ಪಯ್ಯ, ಇದು ಇರೋದೇ ಹೀಗೆ" ಅಂತ ಮಗನ ವಾದ. ಪಂಚಾಯ್ತಿ ನನ್ನ ಹತ್ತಿರ ಬಂತು.

ಇಂಥ ಪ್ರಶ್ನೆ ಈಗ ಅವರೊಬ್ಬರದೇ ಅಲ್ಲ. ಶನಿವಾರ, ಭಾನುವಾರ ಆಗುಂಬೆ ಕಡೆ ಹೋಗುವ ಇಂಥ ಕಾರುಗಳು ಜಾಸ್ತಿಯಾಗಿವೆ. ಬ್ರಿಟನ್ ಜತೆಗಿನ ವ್ಯಾಪಾರ ಒಪ್ಪಂದಕ್ಕೆ 2025ರ ಜುಲೈ 24ರಂದು ಸಹಿ ಬಿದ್ದಿದೆ. ಅಲ್ಲಿಂದ ಬರುವ ಕಾರುಗಳ ಮೇಲೆ ನೂರು ಪರ್ಸೆಂಟ್‌ಗೂ ಮೇಲಿದ್ದ ಸುಂಕ, ನಿಗದಿಯಾದ ಸಂಖ್ಯೆಯ ಕಾರುಗಳಿಗೆ ಹಂತ ಹಂತವಾಗಿ 10 ಪರ್ಸೆಂಟ್‌ಗೆ ಇಳಿಯುತ್ತದೆ ಎನ್ನುವುದು ಅದರಲ್ಲಿದೆ. ಹೊಸ ಕಾರು ಅಗ್ಗವಾದರೆ ಹಳೆಯದು ಇನ್ನೂ ಅಗ್ಗವಾಗಬಹುದು ಅಂತ ಕಾಯುವ ಹುಡುಗರು ನಮ್ಮ ಊರಲ್ಲೂ ಇದ್ದಾರೆ. ಕೊಳ್ಳೋದು ಒಂದು ಮಾತು, ದಿನಾ ಅದರಲ್ಲಿ ಓಡಾಡೋದು ಇನ್ನೊಂದು.

ಗುಂಡಿಗೂ ಬೆನ್ನಿಗೂ ನಡುವೆ ಏನೇನಿದೆ

ಚಕ್ರ ಗುಂಡಿಗೆ ಬಿದ್ದ ಹೊಡೆತ ನೇರವಾಗಿ ನಮ್ಮ ಬೆನ್ನಿಗೆ ಬರುವುದಿಲ್ಲ. ದಾರಿಯಲ್ಲಿ ಹಲವು ಮೆತ್ತೆಗಳನ್ನು ದಾಟಿ ಬರಬೇಕು. ಮೊದಲು ಟೈರಿನೊಳಗಿನ ಗಾಳಿ. ಆಮೇಲೆ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್. ಅವನ್ನೆಲ್ಲ ಬಾಡಿಗೆ ಜೋಡಿಸುವ ಕಡೆಗಳಲ್ಲಿ ರಬ್ಬರ್ ಬುಷ್. ಕೊನೆಗೆ ಸೀಟಿನ ಸ್ಪಂಜು.

ಪ್ರತಿ ಮೆತ್ತೆಯೂ ಹೊಡೆತವನ್ನು ಒಂದಿಷ್ಟು ನುಂಗುತ್ತದೆ. ಆದರೆ ಅದೇ ಮೆತ್ತೆ ಸ್ಟೇರಿಂಗ್‌ನ ಮಾತನ್ನೂ ಒಂದಿಷ್ಟು ನುಂಗುತ್ತದೆ. ನೀವು ಸ್ಟೇರಿಂಗ್ ತಿರುಗಿಸಿದಾಗ ಟೈರು ಮೊದಲು ಬಾಗಬೇಕು, ಬುಷ್ ಒತ್ತಬೇಕು, ಸ್ಪ್ರಿಂಗ್ ಕುಗ್ಗಿ ಕಾರು ವಾಲಬೇಕು, ಆಮೇಲೆ ತಿರುಗುವುದು. ಮೆತ್ತನೆ ಹಾಸಿಗೆ ಮೇಲೆ ನಿಂತು ಓಡಲು ನೋಡಿ. ಕಾಲು ಮೊದಲು ಹೂತು, ಆಮೇಲೆ ದೇಹ ಮುಂದೆ ಹೋಗುತ್ತದೆ. ಸಿಮೆಂಟ್ ನೆಲದಲ್ಲಿ ಹಾಗಿಲ್ಲ. ಸ್ಪೋರ್ಟ್ಸ್ ಕಾರು ಮಾಡುವವರು ಈ ತಡವನ್ನು ಕಡಿಮೆ ಮಾಡಲು ಒಂದೊಂದೇ ಮೆತ್ತೆಯನ್ನು ತೆಳುವಾಗಿಸುತ್ತಾ ಹೋಗುತ್ತಾರೆ. ಅಂದರೆ ಭಾವನ ಸೊಂಟನೋವು ಕಾರಿನ ರಿಪೇರಿ ಅಲ್ಲ, ಅದು ಕಾರಿನ ಲೆಕ್ಕದಲ್ಲೇ ಇತ್ತು.

ಕಾರಿನ ಇಂಜಿನಿಯರುಗಳು ಈ ವಿಷಯಕ್ಕೆ 'ಎನ್‌ವಿಎಚ್' ಅನ್ನುತ್ತಾರೆ. ನಮ್ಮ ಮಾತಲ್ಲಿ ಹೇಳಿದರೆ ಸದ್ದು, ನಡುಕ, ಒರಟುತನ.

ಟೈರಿನ ಮೇಲೆ ಬರೆದ ಅಂಕಿ ಓದಿ

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ನೋಡಬೇಕಾದ್ದು ಇದೇ. ಕಾಸೂ ಖರ್ಚಿಲ್ಲ, ಬಗ್ಗಿ ಓದಿದರೆ ಸಾಕು.

ಟೈರಿನ ಪಕ್ಕದಲ್ಲಿ 185/65 ಆರ್15 ಅಂತ ಇದೆ ಎಂದಿಟ್ಟುಕೊಳ್ಳಿ. ಮಾರುತಿ ಸ್ವಿಫ್ಟ್‌ನಲ್ಲಿ ಈ ಅಳತೆ ಸಿಗುತ್ತದೆ. 185 ಅಂದರೆ ಟೈರಿನ ಅಗಲ, ಮಿಲಿಮೀಟರ್‌ನಲ್ಲಿ. 65 ಅಂದರೆ ಆ ಅಗಲದ ಶೇಕಡಾ 65ರಷ್ಟು ಟೈರಿನ ಗೋಡೆಯ ಎತ್ತರ. ಟೈರ್ ಅಂಗಡಿಯವರು ಸೈಡ್‌ವಾಲ್ ಅನ್ನುವುದು ಇದಕ್ಕೇ. 15 ಅಂದರೆ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಲೆಕ್ಕ ಹಾಕಿದರೆ ಗೋಡೆಯ ಎತ್ತರ ಸುಮಾರು 120 ಮಿಲಿಮೀಟರ್. ಮಲೆನಾಡಿನ ಮನೆ ಮನೆಯಲ್ಲೂ ಕಾಣುವ ಬೊಲೆರೋದ್ದು 215/75 ಆರ್15. ಅಲ್ಲಿ ಗೋಡೆ 161 ಮಿಲಿಮೀಟರ್.

ಅಳಿಯನ ಕಾರಿನದು 255/35 ಆರ್19. ಗೋಡೆ ಬರೀ 89 ಮಿಲಿಮೀಟರ್. ಬೊಲೆರೋದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಚೂಪು ಅಂಚಿನ ಗುಂಡಿ ಬಂದಾಗ ಈ ಗೋಡೆಯೇ ಮೊದಲು ಬಾಗಿ ಹೊಡೆತ ತಿನ್ನಬೇಕು. ಬಾಗಲು ಜಾಗವೇ ಇಲ್ಲದಿದ್ದರೆ ಹೊಡೆತ ಸೀದಾ ರಿಮ್ಮಿಗೆ. 'ಢಬ್' ಅಂತ ಕೇಳುವುದು ಅದೇ. ಸೊಂಟ ಉಳಿದರೂ ರಿಮ್ ಸೊಟ್ಟಗಾಗಬಹುದು.

ಕೆಲವು ಕಾರುಗಳಲ್ಲಿ ರನ್‌ಫ್ಲಾಟ್ ಟೈರ್ ಬರುತ್ತದೆ. ಪಂಕ್ಚರ್ ಆಗಿ ಗಾಳಿ ಪೂರ್ತಿ ಹೋದರೂ ಸಾಮಾನ್ಯವಾಗಿ 80 ಕಿಲೋಮೀಟರ್ ವೇಗದೊಳಗೆ ಸುಮಾರು 80 ಕಿಲೋಮೀಟರ್ ಓಡಿಸಬಹುದು. ಗಾಳಿಯೇ ಇಲ್ಲದೆ ಕಾರಿನ ಭಾರ ಹೊರಬೇಕಾದರೆ ಗೋಡೆ ಎಷ್ಟು ಗಟ್ಟಿ ಇರಬೇಕು ಯೋಚಿಸಿ. ಆ ಗಟ್ಟಿತನ ಪಂಕ್ಚರ್ ಆಗದ ದಿನವೂ ಇರುತ್ತದೆ.

ದೊಡ್ಡ ರಿಮ್ಮಿಗೆ ಇನ್ನೊಂದು ತೊಂದರೆ, ಭಾರ. ತೋಟಕ್ಕೆ ಗಂಬೂಟು ಹಾಕಿಕೊಂಡು ಹೋಗಿ ಗೊತ್ತಲ್ಲ. ಹವಾಯಿ ಚಪ್ಪಲಿಯಲ್ಲಿ ಕಲ್ಲುಮುಳ್ಳು ಸರಸರ ದಾಟುವ ಕಾಲು ಗಂಬೂಟಿನಲ್ಲಿ ನಿಧಾನವಾಗುತ್ತದೆ. ಚಕ್ರವೂ ಹಾಗೇ. ಭಾರದ ಚಕ್ರ ಒಮ್ಮೆ ಮೇಲೆದ್ದರೆ ಬೇಗ ಕೆಳಗೆ ಬರುವುದಿಲ್ಲ, ಏಳುವಾಗ ಕಾರನ್ನೂ ಜಾಸ್ತಿ ತಳ್ಳುತ್ತದೆ.

ಸ್ಪ್ರಿಂಗ್ ಕುಣಿಸುತ್ತದೆ, ಶಾಕ್ ಹಿಡಿಯುತ್ತದೆ

ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಅಂತ ತುಂಬಾ ಜನ ತಿಳಿದಿದ್ದಾರೆ. ಎರಡರ ಕೆಲಸ ಬೇರೆ. ಸ್ಪ್ರಿಂಗ್ ಒಂದು ಉಯ್ಯಾಲೆ. ಒಮ್ಮೆ ತಳ್ಳಿದರೆ ತಾನಾಗಿ ಬೇಗ ನಿಲ್ಲುವುದಿಲ್ಲ. ಶಾಕ್ ಅದನ್ನು ಹಿಡಿಯುವ ಕೈ. ಬ್ಯಾಂಕಿನ ಗಾಜಿನ ಬಾಗಿಲು ಧಡ್ ಅನ್ನದೆ ಮೆಲ್ಲಗೆ ಮುಚ್ಚಿಕೊಳ್ಳುವುದನ್ನು ನೋಡಿದ್ದೀರಲ್ಲ, ಅದರೊಳಗೂ ಎಣ್ಣೆ ಸಣ್ಣ ತೂತಿನ ಮೂಲಕ ಹಾಯುತ್ತದೆ. ಶಾಕ್‌ನಲ್ಲೂ ಅದೇ ಉಪಾಯ.

ಕಾರು ತನ್ನ ಸ್ಪ್ರಿಂಗ್ ಮೇಲೆ ಸೆಕೆಂಡಿಗೆ ಎಷ್ಟು ಸಲ ಮೇಲೆ ಕೆಳಗೆ ಆಡುತ್ತದೆ ಎನ್ನುವುದನ್ನು ಹರ್ಟ್ಜ್ ಎಂಬ ಅಳತೆಯಲ್ಲಿ ಹೇಳುತ್ತಾರೆ. ಸೆಕೆಂಡಿಗೆ ಒಂದು ಸಲವಾದರೆ 1 ಹರ್ಟ್ಜ್. ಮನೆಮಂದಿಯ ಕಾರುಗಳು ಸಾಮಾನ್ಯವಾಗಿ 1ರಿಂದ 1.5ರ ನಡುವೆ ಇರುತ್ತವೆ. ಸ್ಪೋರ್ಟ್ಸ್ ಕಾರುಗಳು 1.5ರಿಂದ 2, ಕೆಲವು ಅದಕ್ಕೂ ಮೇಲೆ. ಸಣ್ಣ ವ್ಯತ್ಯಾಸದಂತೆ ಕಾಣುತ್ತದೆ. ಆದರೆ ಈ ಸಂಖ್ಯೆ ಎರಡು ಪಟ್ಟು ಆಗಬೇಕಾದರೆ, ಅಷ್ಟೇ ಭಾರದ ಕಾರಿಗೆ ಸ್ಪ್ರಿಂಗ್ ನಾಲ್ಕು ಪಟ್ಟು ಗಟ್ಟಿಯಾಗಬೇಕು.

ಅಷ್ಟು ಗಟ್ಟಿ ಯಾಕೆ? ಸ್ಟೇರಿಂಗ್ ಒಂದೇ ಕಾರಣವಲ್ಲ. ಕಾರು ನೆಲಕ್ಕೆ ಅಂಟಿಕೊಂಡಿರುವಷ್ಟು ತಗ್ಗು. ಸ್ಪ್ರಿಂಗ್ ಮೆತ್ತಗಿದ್ದರೆ ಕುಗ್ಗಿ ಕುಗ್ಗಿ ಹೊಟ್ಟೆ ರಸ್ತೆಗೆ ಉಜ್ಜುತ್ತದೆ. ಕುಗ್ಗಲು ಜಾಗವಿಲ್ಲದ ಕಡೆ ಗಟ್ಟಿ ಸ್ಪ್ರಿಂಗೇ ಗತಿ.

ಬುಷ್ ವಿಷಯ ಚುಟುಕಾಗಿ ಮುಗಿಸುತ್ತೇನೆ. ಆಟೋ ಕಾಂಪ್ಲೆಕ್ಸ್‌ನಲ್ಲಿ ಗಾಡಿ ಬಿಟ್ಟವರಿಗೆಲ್ಲ "ಬುಷ್ ಹೋಗಿದೆ ಸಾರ್" ಅನ್ನುವ ಮಾತು ಗೊತ್ತು. ಬೆರಳ ಗಾತ್ರದಿಂದ ಮುಷ್ಟಿ ಗಾತ್ರದವರೆಗಿನ ರಬ್ಬರ್ ತುಂಡುಗಳು ಇವು. ಸ್ಪೋರ್ಟ್ಸ್ ಕಾರಿನಲ್ಲಿ ಇವೂ ಗಟ್ಟಿ. ರೇಸಿಗೆ ಹತ್ತಿರದ ಕಾರುಗಳಲ್ಲಿ ಕೆಲವು ಕಡೆ ರಬ್ಬರೇ ಇಲ್ಲ, ಲೋಹದ ಜಾಯಿಂಟ್. ಜಲ್ಲಿ ಎದ್ದ ಡಾಂಬರಿನ ಜುಮುಜುಮು ಅಂಗೈಗೂ ಅಂಗಾಲಿಗೂ ಬರುವುದು ಈ ದಾರಿಯಿಂದಲೇ.

ಅಕ್ಕನಿಗೆ ವಾಂತಿ ಯಾಕೆ ಬರಲಿಲ್ಲ

ಇನ್ನೊಂದು ಕತೆ ಇದೆ. ಅದೇ ವಾರ ನಾವೆಲ್ಲ ಉಡುಪಿಗೆ ಹೋದೆವು. ಆಗುಂಬೆ ಘಾಟಿ ಇಳಿಯುವಾಗ ಅಕ್ಕ ನಮ್ಮ ಎತ್ತರದ, ಮೆತ್ತನೆಯ ಗಾಡಿಯ ಹಿಂದಿನ ಸೀಟಲ್ಲಿದ್ದರು. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಅರ್ಧ ಮುಗಿಯುವುದರೊಳಗೆ ಗಾಡಿ ನಿಲ್ಲಿಸಬೇಕಾಯಿತು. ವಾಪಸ್ ಬರುವಾಗ ಮಗನ ಕಾರಿನಲ್ಲಿ ಕೂತರು. ಅದೇ ಘಾಟಿ, ಏನೂ ಆಗಲಿಲ್ಲ.

ನಮ್ಮ ದೇಹ ಎಲ್ಲ ಅಲುಗಾಟಕ್ಕೂ ಒಂದೇ ಥರ ನೋಯುವುದಿಲ್ಲ. ಮೇಲೆ ಕೆಳಗೆ ಕುಲುಕುವಾಗ ಬೆನ್ನು, ಹೊಟ್ಟೆಯೊಳಗಿನ ಅಂಗಗಳು ಹೆಚ್ಚು ತಾಳಲಾರದ್ದು ಸೆಕೆಂಡಿಗೆ ಸುಮಾರು 4ರಿಂದ 8 ಸಲದ ಕುಲುಕಾಟ. ಹೊಟ್ಟೆ ತೊಳೆಸುವುದು ಅದಕ್ಕಿಂತ ಎಷ್ಟೋ ನಿಧಾನದ ತೂಗಾಟಕ್ಕೆ, ಅರ್ಧ ಹರ್ಟ್ಜ್‌ಗಿಂತ ಕೆಳಗೆ. ಐದು ಸೆಕೆಂಡಿಗೊಮ್ಮೆ ತೂಗುವ ದೋಣಿಯ ಲೆಕ್ಕ ಅದು. ಘಾಟಿಯಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುವುದೂ ಇದೇ ಗುಂಪಿಗೆ ಸೇರುತ್ತದೆ.

ಗಟ್ಟಿ ಸ್ಪ್ರಿಂಗಿನ ತಗ್ಗು ಕಾರು ತಿರುವಿನಲ್ಲಿ ಕಡಿಮೆ ವಾಲುತ್ತದೆ. ಹಾಗಂತ ಪೂರ್ತಿ ಕ್ರೆಡಿಟ್ ಕಾರಿಗೇ ಕೊಡಬೇಡಿ. ಬರುವಾಗ ಅಕ್ಕ ಮುಂದಿನ ಸೀಟಲ್ಲಿ ಕೂತು ರಸ್ತೆ ನೋಡುತ್ತಿದ್ದರು. ಕಣ್ಣಿಗೆ ಕಂಡದ್ದೂ ಕಿವಿಯೊಳಗಿನ ಸಮತೋಲನದ ಅಂಗಕ್ಕೆ ಗೊತ್ತಾದದ್ದೂ ಹೊಂದಿಕೊಂಡರೆ ತೊಳೆಸುವುದು ಕಡಿಮೆ. ಪಕ್ಕದಲ್ಲಿ ಅಮ್ಮ ಇದ್ದಾರೆ ಅಂತ ಅಳಿಯ ಮೆಲ್ಲಗೆ ಓಡಿಸಿದ್ದೂ ಇರಬಹುದು. ಓಡಿಸುವವರ ಕೈಕಾಲು ಕಾರಿಗಿಂತ ದೊಡ್ಡ ಕಾರಣ.

ಈ 4ರಿಂದ 8ರ ಲೆಕ್ಕ ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತದೆ. ಪ್ಯಾಚ್ ಹಾಕಿದ ರಸ್ತೆಯಲ್ಲಿ ಎರಡು ಮೀಟರಿಗೊಂದು ಉಬ್ಬು ಇದೆ ಅನ್ನಿ. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. ಐದೂವರೆ ಉಬ್ಬು ಸಿಗುತ್ತವೆ, ಸೀದಾ ನೋವಿನ ಜಾಗಕ್ಕೆ. 20ಕ್ಕೆ ಇಳಿಸಿದರೆ ಮೂರಕ್ಕಿಂತ ಕಡಿಮೆ. ಕೆಲವು ರಸ್ತೆ ಒಂದು ವೇಗದಲ್ಲಿ ಮಾತ್ರ ಯಮಯಾತನೆ ಅನಿಸುವುದು ಇದಕ್ಕೇ.

ಸದ್ದು: ತಗಡಿನ ಸೂರು, ಹೆಂಚಿನ ಸೂರು

ಕಾರಿನೊಳಗಿನ ಸದ್ದಿಗೆ ಮೂರು ಮೂಲ. ಎಂಜಿನ್ ಮತ್ತು ಸೈಲೆನ್ಸರ್, ಟೈರು ರಸ್ತೆಗೆ ಉಜ್ಜುವುದು, ಗಾಳಿ. ಪೇಟೆಯೊಳಗೆ ಎಂಜಿನ್ನಿನದೇ ಕಾರುಬಾರು. ಸುಮಾರು 50 ದಾಟಿದ ಮೇಲೆ ಟೈರು ಜೋರು. 100 ದಾಟಿದರೆ ಗಾಳಿ. ತೀರ್ಥಹಳ್ಳಿ ರಸ್ತೆಯಲ್ಲಿ ನಾವು ಓಡಿಸುವ ವೇಗಕ್ಕೆ ಮುಖ್ಯ ಶತ್ರು ಟೈರೇ. ಅಗಲವಾದಷ್ಟೂ ಸದ್ದು ಜಾಸ್ತಿ. ಒರಟು ಡಾಂಬರಿನಲ್ಲಿ ಇನ್ನೂ ಜಾಸ್ತಿ.

ಈ ಸದ್ದು ಒಳಗೆ ಬರುವುದಕ್ಕೆ ಎರಡು ದಾರಿ. ಒಂದು ಗಾಳಿಯ ಮೂಲಕ, ಬಾಗಿಲ ಸಂದಿ, ಗಾಜು, ತೆಳು ತಗಡು ದಾಟಿ. ಇನ್ನೊಂದು ಲೋಹದ ಮೂಲಕ, ಚಕ್ರದಿಂದ ಬುಷ್ ದಾಟಿ ಬಾಡಿಗೆ. ಎರಡನೆಯದು ದಪ್ಪ ಸದ್ದು, ಕಿವಿಗಿಂತ ಎದೆಗೆ ಜಾಸ್ತಿ ಕೇಳುವಂಥದ್ದು.

ಮಲೆನಾಡಿನವರಿಗೆ ಇದನ್ನು ತಿಳಿಸಲು ಕಷ್ಟವೇ ಇಲ್ಲ. ಆಷಾಢದ ಮಳೆ ತಗಡಿನ ಶೀಟಿನ ಮೇಲೆ ಬಿದ್ದರೆ ಪಕ್ಕದವರ ಮಾತು ಕೇಳುವುದಿಲ್ಲ. ಹೆಂಚಿನ ಮನೆಯಲ್ಲಿ, ಕೆಳಗೆ ಮರದ ಅಟ್ಟವೂ ಇದ್ದರೆ ನಿದ್ದೆ ಬರುತ್ತದೆ. ಭಾರ ಇದ್ದದ್ದು ಸದ್ದು ತಡೆಯುತ್ತದೆ. ಜಾಗಟೆ ಹೊಡೆದು ಕೈ ಇಟ್ಟರೆ ನಾದ ಸಾಯುತ್ತದಲ್ಲ, ಕಾರಿನ ತಗಡಿಗೆ ಡಾಂಬರಿನಂಥ ದಪ್ಪ ಶೀಟ್ ಅಂಟಿಸುವುದು ಆ ಕೈಯ ಕೆಲಸಕ್ಕೆ. ಕಾರ್ಪೆಟ್, ಸ್ಪಂಜು ಇರುವುದು ಒಳಗೆ ಬಂದ ಸದ್ದನ್ನು ಹೀರುವುದಕ್ಕೆ.

ಇವಕ್ಕೆಲ್ಲ ತೂಕ ಇದೆ. ರೋಲ್ಸ್ ರಾಯ್ಸ್ ತನ್ನ 2020ರ ಘೋಸ್ಟ್ ಕಾರಿನಲ್ಲಿ ಸದ್ದು ತಡೆಯುವ ವಸ್ತುಗಳೇ 100 ಕೆಜಿಗೂ ಮೇಲಿವೆ ಎಂದು ಹೇಳಿಕೊಂಡಿತ್ತು. ಅದು ಎಷ್ಟು ಮೌನವಾಯಿತೆಂದರೆ ಕೂತವರಿಗೆ ಕಸಿವಿಸಿಯಾಗಿ, ಬೇಕೆಂದೇ ಒಂದು ಮೆಲ್ಲನೆಯ ಸದ್ದು ಉಳಿಸಬೇಕಾಯಿತಂತೆ. ಸ್ಪೋರ್ಟ್ಸ್ ಕಾರಿನವರು ಇದರ ಉಲ್ಟಾ ಹೋಗುತ್ತಾರೆ. ಪೋರ್ಷೆಯ 911 ಕರೇರಾ ಟಿ ಮಾದರಿಯಲ್ಲಿ ತೆಳು ಗಾಜು, ಕಡಿಮೆ ಸೌಂಡ್ ಪ್ರೂಫಿಂಗ್. ಅದಕ್ಕೆ ಮಾಮೂಲಿ ಕರೇರಾಗಿಂತ ಜಾಸ್ತಿ ದುಡ್ಡು ಬೇರೆ! ಇಲ್ಲದ್ದಕ್ಕೆ ಕಾಸು ಕೊಡುವುದು ಅಂದರೆ ಇದೇ.

ಇನ್ನೊಂದು ತಮಾಷೆ. ಬಿಎಂಡಬ್ಲ್ಯೂ 2011ರಲ್ಲಿ ತಂದ ಎಂ5 ಕಾರಿನಲ್ಲಿ ಒಳಗೆ ಸದ್ದು ಸಾಲದು ಅಂತ ಎಂಜಿನ್ ಧ್ವನಿಯನ್ನು ಸ್ಪೀಕರಿನಲ್ಲಿ ಹಾಕಿದರು. ಅಂದರೆ ಸದ್ದು ಪೂರ್ತಿ ಬೇಡವಾದದ್ದಲ್ಲ. ಕಾಲು ಒತ್ತಿದಾಗ ಬರುವ ಸದ್ದು ಖುಷಿ, ಕಾಲು ತೆಗೆದರೂ ಬಿಡದ ಸದ್ದು ತಲೆನೋವು.

ಮೊಬೈಲ್ ಮೀಟರ್ ಯಾಕೆ ಪೂರ್ತಿ ನಿಜ ಹೇಳುವುದಿಲ್ಲ

ಅಳಿಯ ಮೊಬೈಲಿನಲ್ಲಿ ಅಳೆದು "74 ಡೆಸಿಬೆಲ್, ಅಷ್ಟೇ. ಅಪ್ಪಯ್ಯನ ಗಾಡಿ 71" ಅಂದ. ಮೂರೇ ಅಲ್ವಾ ಅಂತ ಅವನ ಲೆಕ್ಕ. ಡೆಸಿಬೆಲ್ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. 3 ಜಾಸ್ತಿಯಾದರೆ ಸದ್ದಿನ ಶಕ್ತಿ ಎರಡು ಪಟ್ಟು. 10 ಜಾಸ್ತಿಯಾದರೆ ಶಕ್ತಿ ಹತ್ತು ಪಟ್ಟು, ಕಿವಿಗೆ ಸುಮಾರು ಎರಡರಷ್ಟು ಜೋರು ಅನಿಸುತ್ತದೆ.

ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಇಂಥ ಮೀಟರುಗಳು ಸಾಮಾನ್ಯವಾಗಿ 'ಎ' ತೂಕ ಅನ್ನುವ ಕ್ರಮ ಬಳಸುತ್ತವೆ. ನಮ್ಮ ಕಿವಿಗೆ ದಪ್ಪ ಸದ್ದು ಕಡಿಮೆ ಕೇಳುತ್ತದೆ ಅಂತ ಅದನ್ನು ಲೆಕ್ಕದಲ್ಲಿ ಕಡಿತ ಮಾಡುತ್ತವೆ. 100 ಹರ್ಟ್ಜ್‌ನ ಸದ್ದಿಗೆ 19 ಡೆಸಿಬೆಲ್, 50 ಹರ್ಟ್ಜ್‌ಗೆ 30 ಡೆಸಿಬೆಲ್ ಕಡಿತ. ಸೈಲೆನ್ಸರಿನ 'ಗುಂಯ್' ಇರುವುದು ಈ ಜಾಗದಲ್ಲೇ. ನಾಲ್ಕು ಸಿಲಿಂಡರಿನ ಎಂಜಿನ್ 2500 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಸೆಕೆಂಡಿಗೆ ಸುಮಾರು 83 ಸಲ ಪೆಟ್ಟು ಬೀಳುತ್ತದೆ. ಕಾರಿನೊಳಗೆ ನಾವು ಕೂರುವ ಸುಮಾರು ಎರಡು ಮೀಟರ್ ಉದ್ದದ ಜಾಗದ ಗಾಳಿಗೂ ಹೆಚ್ಚುಕಮ್ಮಿ ಅದೇ ಸ್ವರ ಇಷ್ಟ. ಬಚ್ಚಲುಮನೆಯಲ್ಲಿ ಹಾಡುವಾಗ ಒಂದು ಸ್ವರಕ್ಕೆ ಮಾತ್ರ ಇಡೀ ಕೋಣೆ ದನಿಗೂಡಿಸುತ್ತದಲ್ಲ, ಹಾಗೆ. ಮೀಟರಿನಲ್ಲಿ ಕಾಣದು, ಒಂದು ಗಂಟೆ ಕೂತರೆ ತಲೆ ಭಾರ. ಸುಮ್ನೆ ಒಂದು ಗೇರ್ ಬದಲಿಸಿ ನೋಡಿ, ಆರ್‌ಪಿಎಂ ಬದಲಾದರೆ ಗುಂಯ್ ಮಾಯವಾಗುತ್ತದೆ.

ಸೈಲೆನ್ಸರ್ ಬದಲಿಸಿದ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಇದು ವಿಪರೀತ. ಕಾನೂನಿನ ಕಾಟ ಬೇರೆ.

ಎಲ್ಲ ಸ್ಪೋರ್ಟ್ಸ್ ಕಾರೂ ಹೀಗೇನಾ?

ಇಲ್ಲ. 1990ರಲ್ಲಿ ಹೋಂಡಾ ತಂದ ಎನ್‌ಎಸ್‌ಎಕ್ಸ್ ದಿನಾ ಓಡಿಸಬಹುದಾದ ಸೂಪರ್ ಕಾರು ಅಂತಲೇ ಹೆಸರು ಮಾಡಿತು. ಬ್ರಿಟನ್ನಿನ ಲೋಟಸ್ ಕಾರುಗಳನ್ನು ಗುಂಡಿ ರಸ್ತೆಯಲ್ಲೂ ಹಿತವಾಗಿ ಹೋಗುತ್ತವೆ ಅಂತ ಹೊಗಳುವವರು ಬಹಳ. ಗುಟ್ಟು ತೂಕದಲ್ಲಿದೆ. 1996ರ ಎಲೀಸ್ ಕಾರಿನ ತೂಕ ಸುಮಾರು 725 ಕೆಜಿ. ಹಗುರ ಕಾರನ್ನು ಹಿಡಿದಿಡಲು ಗಟ್ಟಿ ಸ್ಪ್ರಿಂಗೂ ಬೇಡ, ಅಗಲ ಟೈರೂ ಬೇಡ. ಸದ್ದಿನ ವಿಷಯ ಕೇಳಬೇಡಿ, ಅದರಲ್ಲಿ ತಡೆಯುವ ಸಾಮಾನೇ ಇಲ್ಲ.

ಇನ್ನೊಂದು ದಾರಿ, ಹೊತ್ತಿಗೆ ತಕ್ಕಂತೆ ಬದಲಾಗುವ ಶಾಕ್. ಒಳಗಿನ ಎಣ್ಣೆಯಲ್ಲಿ ಕಬ್ಬಿಣದ ನುಣ್ಣನೆ ಪುಡಿ ಬೆರೆಸಿರುತ್ತಾರೆ. ಕರೆಂಟ್ ಹಾಯಿಸಿದರೆ ಅಯಸ್ಕಾಂತದ ಸೆಳೆತಕ್ಕೆ ಪುಡಿ ಸಾಲುಗಟ್ಟಿ, ಎಣ್ಣೆ ಗಂಜಿಯಂತೆ ಗಟ್ಟಿಯಾಗುತ್ತದೆ. ಕರೆಂಟ್ ತೆಗೆದರೆ ಮತ್ತೆ ತಿಳಿ. ಎಲ್ಲ ಕೆಲವೇ ಮಿಲಿಸೆಕೆಂಡುಗಳಲ್ಲಿ. 2002ರಲ್ಲಿ ಇದು ಮೊದಲು ಬಂದದ್ದು ಕ್ಯಾಡಿಲಾಕ್‌ನ ಒಂದು ಸೆಡಾನಿಗೆ. ಆಮೇಲೆ ಕಾರ್ವೆಟ್, ಫೆರಾರಿ, ಆಡಿ ಆರ್8ಗೂ ಬಂತು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನೆನಪಿಡಿ: ಇಂಥ ಶಾಕ್ ಹಾಳಾದರೆ ಬದಲಿಸುವ ಖರ್ಚಿನಲ್ಲಿ ಒಳ್ಳೇ ಬೈಕ್ ಬರಬಹುದು.

ಏನು ಮಾಡಿದೆವು

ಶಾಕ್ ಬದಲಿಸೋಣ ಅಂತ ಅಳಿಯ ಹೊರಟಿದ್ದ. ಮೊದಲು ಟೈರ್ ನೋಡು ಅಂದೆ. ಟೈರಿನ ಗೋಡೆಯಲ್ಲಿ ನಾಲ್ಕು ಅಂಕಿ ಇರುತ್ತದೆ. 3518 ಅಂದರೆ 2018ರ 35ನೇ ವಾರ ತಯಾರಾದದ್ದು. ಅವನ ಕಾರಿನದು ಹೆಚ್ಚುಕಮ್ಮಿ ಅಷ್ಟೇ ಹಳೆಯದು. ರಬ್ಬರ್ ಹಳೆಯದಾದಷ್ಟೂ ಗಡಸು, ಗಡಸಾದಷ್ಟೂ ಸದ್ದು, ಮಳೆಯಲ್ಲಿ ಹಿಡಿತವೂ ಕಡಿಮೆ. ಗಾಳಿಯೂ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಬರೆದದ್ದಕ್ಕಿಂತ ಜಾಸ್ತಿ ಇತ್ತು. ಮೆತ್ತಗಾಗಲಿ ಅಂತ ಬರೆದದ್ದಕ್ಕಿಂತ ಕಡಿಮೆ ಮಾಡಲೂ ಹೋಗಬಾರದು, ತೆಳು ಗೋಡೆಯ ಟೈರಿನಲ್ಲಿ ರಿಮ್ ಹೋಗುತ್ತದೆ.

ಹೇಗೂ ಟೈರ್ ಹೊಸದು ಬೇಕು. ಹಾಗಾಗಿ ರಿಮ್ಮನ್ನೂ ಒಂದು ಇಂಚು ಇಳಿಸಿದೆವು. 255/35 ಆರ್19ರ ಬದಲು 255/40 ಆರ್18. ಹೊರಗಿನ ಅಡ್ಡಳತೆ ಎರಡಕ್ಕೂ 661 ಮಿಲಿಮೀಟರ್, ಹಾಗಾಗಿ ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ. ಗೋಡೆ ಮಾತ್ರ 89ರಿಂದ 102ಕ್ಕೆ ಏರಿತು. ಸಣ್ಣ ರಿಮ್ ಬ್ರೇಕಿಗೆ ತಾಗುವುದಿಲ್ಲವೇ, ಆ ಅಳತೆಗೆ ಕಾರಿನ ಕಂಪನಿಯ ಒಪ್ಪಿಗೆ ಇದೆಯೇ ಎನ್ನುವುದನ್ನು ಮೊದಲೇ ನೋಡಿಕೊಳ್ಳಬೇಕು. ಇವನ ಕಾರಿಗೆ ಕಡಿಮೆ ದರ್ಜೆಯ ಮಾದರಿಯಲ್ಲಿ 18 ಇಂಚೇ ಬರುತ್ತಿತ್ತು, ತೊಂದರೆಯಾಗಲಿಲ್ಲ. ತಿರುವಿನಲ್ಲಿ ಮೊದಲಿನ ಚುರುಕು ಕೂದಲೆಳೆಯಷ್ಟು ಕಡಿಮೆಯಾಯಿತು ಅಂತ ಅವನ ಗೊಣಗಾಟ ಇನ್ನೂ ಇದೆ. ಭಾವ ಈ ಸಲ ತೀರ್ಥಹಳ್ಳಿಯವರೆಗೂ ಕೂತರು.

ಹಂಪ್ಸ್‌ಗೆ ಮಾತ್ರ ಮದ್ದಿಲ್ಲ

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ಪ್ರಕಾರ, ಗಂಟೆಗೆ 25 ಕಿಲೋಮೀಟರಿನಲ್ಲಿ ದಾಟುವ ಹಂಪ್ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ ಇರಬೇಕು. ಅಂಥದ್ದನ್ನು ತಗ್ಗು ಕಾರೂ ಮೆಲ್ಲಗೆ ದಾಟಬಹುದು. ಊರೂರಲ್ಲಿ ಜನರೇ ಹಾಕಿಸಿದ, ಕಡಿದಾದ ಹಂಪ್‌ಗಳಿಗೆ ಈ ಅಳತೆಯ ಹಂಗಿಲ್ಲ. ಮೂಗು ಎತ್ತುವ ಸೌಲಭ್ಯ ಕೆಲವು ದುಬಾರಿ ಕಾರುಗಳಲ್ಲಿದೆ. ಇಲ್ಲದವರು ಎದುರಿನಿಂದ ಗಾಡಿ ಇಲ್ಲ ಅಂತ ನೋಡಿಕೊಂಡು ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟಬೇಕು.

ಅದೂ ಆಗದಿದ್ದರೆ ಪಕ್ಕದವರನ್ನು ಇಳಿಸಬೇಕು. ತೀರ್ಥಹಳ್ಳಿಗೆ ಹೋಗುವಾಗ ಭಾವ ಎರಡು ಕಡೆ ಇಳಿದು ನಡೆದರು. ಲೆಕ್ಕ ಹಾಕಿ ನೋಡಿದೆ. ಒಂದೂವರೆ ಟನ್ ಕಾರು, ಗಟ್ಟಿ ಸ್ಪ್ರಿಂಗು, ಎಪ್ಪತ್ತೈದು ಕೆಜಿಯ ಭಾವ. ಅವರು ಇಳಿದರೆ ಕಾರು ಮೇಲೇಳುವುದು ಸುಮಾರು ನಾಲ್ಕು ಮಿಲಿಮೀಟರ್. ಒಂದು ಹಂಪ್‌ನಲ್ಲಿ ಅಷ್ಟು ಸಾಕಾಯಿತು. ಇನ್ನೊಂದರಲ್ಲಿ ತಳ ಉಜ್ಜಿತು.